ಸನಿಂತೆನ್ ಮರ ಮೇಲೆ ಹತ್ತಬೇಕು, ಬೀಜ ಮಾತ್ರ ಕೆಳಗೆ ಉರುಳುತ್ತಿದೆ

2024ರ ಅಕ್ಟೋಬರ್‌ನಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ಜೀವವೈವಿಧ್ಯದ ಜಾಗತಿಕ ಸಮ್ಮೇಳನ ನಡೆಯುತ್ತಿತ್ತು. ಅಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಒಂದು ಲೆಕ್ಕ ಮುಂದಿಟ್ಟಿತು. ಪರಿಶೀಲಿಸಿದ 47,282 ಜಾತಿಯ ಮರಗಳಲ್ಲಿ 16,425 ಜಾತಿಗಳು ಅಳಿದುಹೋಗುವ ಅಪಾಯದಲ್ಲಿವೆ ಎಂದು. ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಸುದ್ದಿ ಒಂದೆರಡು ದಿನ ಓಡಾಡಿತು, ಆಮೇಲೆ ಎಲ್ಲರೂ ಮರೆತರು. ಇಷ್ಟು ದೊಡ್ಡ ಸಂಖ್ಯೆ ಕೇಳಿದರೆ ತಲೆಗೂ ಹತ್ತುವುದಿಲ್ಲ, ಮನಸ್ಸಿಗೂ ತಟ್ಟುವುದಿಲ್ಲ. ಹಾಗಾಗಿ ಒಂದೇ ಒಂದು ಮರ ಹಿಡಿದು ನೋಡೋಣ. ಆ ಒಂದು ಮರ ಯಾಕೆ ಕಷ್ಟದಲ್ಲಿದೆ ಎಂದು ಸರಿಯಾಗಿ ಅರ್ಥವಾದರೆ, ಉಳಿದ ಹದಿನಾರು ಸಾವಿರದಲ್ಲಿ ಎಷ್ಟೋ ಮರಗಳ ಪಾಡು ಅರ್ಥವಾಗುತ್ತದೆ.

ಮರದ ಹೆಸರು ಸನಿಂತೆನ್. ಇಂಡೊನೇಷ್ಯಾದ ಪಶ್ಚಿಮ ಜಾವಾದಲ್ಲಿ ಸುಂಡಾ ಭಾಷೆಯ ಜನ ಕರೆಯುವ ಹೆಸರು ಇದು. ಸಸ್ಯಶಾಸ್ತ್ರದಲ್ಲಿ ಕ್ಯಾಸ್ಟನಾಪ್ಸಿಸ್ ಅರ್ಜೆಂಟಿಯಾ. ಬೀಚ್ ಕುಟುಂಬಕ್ಕೆ ಸೇರಿದ ಮರ, ಅಂದರೆ ಓಕ್, ಚೆಸ್ಟ್‌ನಟ್ ಇವೆಲ್ಲ ಇದರ ದಾಯಾದಿಗಳು. ಹಳೆಯ ಮರ 35 ಮೀಟರ್‌ವರೆಗೂ ಬೆಳೆಯುತ್ತದೆ. ಗಾಳಿ ಬೀಸಿ ಎಲೆ ಮಗುಚಿದಾಗ ಅಡಿಭಾಗ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಕಾಯಿ ಮೈತುಂಬಾ ಮುಳ್ಳು. ದೂರದಿಂದ ನೋಡಿದರೆ ರಾಂಬುಟಾನ್ ಎಂದೇ ಅನ್ನಿಸಬೇಕು, ಕೈಯಲ್ಲಿ ಹಿಡಿದರೆ ಚುಚ್ಚುತ್ತದೆ. ಆ ಮುಳ್ಳಿನ ಹೊದಿಕೆ ಬಿರಿದಾಗ ಒಳಗೆ ಕಂದು ಸಿಪ್ಪೆಯ ಬೀಜ ಕಾಣುತ್ತದೆ. ಸಿಪ್ಪೆಯೊಳಗೆ ಹಿಟ್ಟುಹಿಟ್ಟಾದ, ಸ್ವಲ್ಪ ಸಿಹಿಯಾದ ತಿರುಳು. ಬೇಯಿಸಿಯೋ ಹುರಿದೋ ತಿನ್ನುತ್ತಾರೆ, ಹಣ್ಣಿನ ಕಾಲದಲ್ಲಿ ರಸ್ತೆ ಬದಿಯಲ್ಲಿ ಮಾರುತ್ತಾರೆ. ಮರದ ಕಾಂಡ ಗಟ್ಟಿ, ಮನೆಯ ಕಂಬಕ್ಕೂ ಹಲಗೆಗೂ ಆಗುತ್ತದೆ. ಅಂದರೆ ಹಣ್ಣೂ ಬೇಕು, ಮರವೂ ಬೇಕು. ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಇದು ಈಗ ಅಳಿವಿನ ಅಪಾಯದಲ್ಲಿರುವ ಜಾತಿ. ಹುಲಿಯನ್ನು ಇಟ್ಟಿರುವ ದರ್ಜೆಯೇ ಇದು.

ಓಕ್, ಚೆಸ್ಟ್‌ನಟ್ ಅಂದ ಕೂಡಲೇ ನಮಗೆ ಯುರೋಪಿನ ಚಳಿ, ಹಿಮ, ಎಲೆ ಉದುರಿದ ಕಾಡು ನೆನಪಾಗುತ್ತದೆ ಅಲ್ವಾ? ನಿಜ ಏನೆಂದರೆ ಈ ಕುಟುಂಬದ ಒಂದು ದೊಡ್ಡ ಮನೆ ಇರುವುದು ಆಗ್ನೇಯ ಏಷ್ಯಾದ ಮಳೆಕಾಡುಗಳಲ್ಲಿ. ಬೋರ್ನಿಯೋ, ಸುಮಾತ್ರಾ, ಜಾವಾ, ಮಲಯಾ, ವಿಯೆಟ್ನಾಂ, ದಕ್ಷಿಣ ಚೀನಾ ಕಡೆ ಲಿಥೊಕಾರ್ಪಸ್, ಕ್ಯಾಸ್ಟನಾಪ್ಸಿಸ್ ಎಂಬ ಎರಡು ಗುಂಪುಗಳಲ್ಲೇ ನೂರಾರು ಜಾತಿಗಳಿವೆ. ಜೀವನಪೂರ್ತಿ ಹಿಮವನ್ನೇ ನೋಡದ ಮರಗಳು ಇವು. ಭಾರತದಲ್ಲೂ ಕ್ಯಾಸ್ಟನಾಪ್ಸಿಸ್ ಇದೆ, ಆದರೆ ಮೇಘಾಲಯ, ಅರುಣಾಚಲ, ಮಣಿಪುರ, ಸಿಕ್ಕಿಂ ಆ ಕಡೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಇಡೀ ಈ ಕುಟುಂಬದ ಒಂದು ಮರವೂ ತಾನಾಗಿ ಬೆಳೆಯುವುದಿಲ್ಲ. ಧೂಪದ ಮರದ ನೆಂಟರು ಜಾವಾ, ಬೋರ್ನಿಯೋ ಕಾಡುಗಳಲ್ಲೂ ಇದ್ದಾರೆ, ನಮ್ಮ ಘಟ್ಟದಲ್ಲೂ ಇದ್ದಾರೆ. ಓಕ್ ಕುಟುಂಬ ಮಾತ್ರ ನಮ್ಮ ಕಡೆ ಇಳಿದು ಬರಲಿಲ್ಲ. ಹಾಗಾಗಿ ಈ ಮರಗಳ ಬಗ್ಗೆ ಕನ್ನಡದಲ್ಲಿ ಮಾತೇ ಕಡಿಮೆ. ಆ ಕೊರತೆಯೂ ಈ ಬರಹಕ್ಕೆ ಒಂದು ಕಾರಣ.

2019ರಲ್ಲಿ ಸಸ್ಯ ಪಳೆಯುಳಿಕೆಗಳ ವಿಜ್ಞಾನಿ ಪೀಟರ್ ವಿಲ್ಫ್ ಮತ್ತು ಜೊತೆಗಾರರು ಅರ್ಜೆಂಟೀನಾದ ಪಟಗೋನಿಯಾದಲ್ಲಿ ಸಿಕ್ಕ ಪಳೆಯುಳಿಕೆಗಳ ಬಗ್ಗೆ ಬರೆದರು. ಕ್ಯಾಸ್ಟನಾಪ್ಸಿಸ್ ಗುಂಪಿನದೇ ಹಣ್ಣು, ಎಲೆ. ವಯಸ್ಸು ಸುಮಾರು 5.2 ಕೋಟಿ ವರ್ಷ. ದಕ್ಷಿಣ ಅಮೆರಿಕದ ತುದಿಯಲ್ಲಿ ಇವತ್ತು ಈ ಮರದ ಸುಳಿವೂ ಇಲ್ಲ. ಈ ಗುಂಪು ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಏಷ್ಯಾಕ್ಕೆ ಬಂತು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಜಗಳ ಇದೆ, ಅದು ಇರಲಿ. ನನಗೆ ಮುಖ್ಯ ಅನ್ನಿಸುವುದು ಬೇರೆ ಮಾತು. ಖಂಡಗಳು ಜರುಗಿದವು, ಭೂಮಿ ಬಿಸಿಯಾಯಿತು, ತಣ್ಣಗಾಯಿತು, ಮತ್ತೆ ಬಿಸಿಯಾಯಿತು, ಅಷ್ಟೆಲ್ಲ ಆದರೂ ಈ ಗುಂಪು ತನಗೆ ಬೇಕಾದ ತೇವ, ತಂಪು ಇರುವ ಕಡೆಗೆ ನಿಧಾನವಾಗಿ ಜಾಗ ಬದಲಿಸುತ್ತಾ ಬದುಕಿಕೊಂಡಿತು. ಮರ ನಡೆಯುವುದಿಲ್ಲ, ನಿಜ. ಆದರೆ ತಲೆಮಾರಿನಿಂದ ತಲೆಮಾರಿಗೆ ಮರದ ಊರು ಬದಲಾಗುತ್ತದೆ. ಅದಕ್ಕೆ ಎರಡು ಬೇಕು: ಸಮಯ ಮತ್ತು ದಾರಿ. ಜಾವಾದಲ್ಲಿ ಇವತ್ತು ಎರಡೂ ಇಲ್ಲ.

ಜಾವಾ ಎಷ್ಟು ದೊಡ್ಡದು ಎಂದು ಒಮ್ಮೆ ಲೆಕ್ಕ ಹಾಕಿ. ಸುಮಾರು 1.3 ಲಕ್ಷ ಚದರ ಕಿಲೋಮೀಟರ್, ಕರ್ನಾಟಕದ ಮೂರರಲ್ಲಿ ಎರಡು ಪಾಲು. ಅಲ್ಲಿ 2020ರ ಜನಗಣತಿಯ ಪ್ರಕಾರ ಇರುವುದು 15 ಕೋಟಿಗಿಂತ ಜಾಸ್ತಿ ಜನ. ಜ್ವಾಲಾಮುಖಿಯ ಬೂದಿ ಬಿದ್ದ ಮಣ್ಣು, ಏನು ಹಾಕಿದರೂ ಬೆಳೆಯುತ್ತದೆ, ಹಾಗಾಗಿ ಗದ್ದೆ ಬೆಟ್ಟದ ಸೊಂಟದವರೆಗೂ ಹತ್ತಿದೆ. ಇಷ್ಟೇ ಆಗಿದ್ದರೆ ಬೆಟ್ಟದ ಕಾಡು ಸ್ವಲ್ಪ ಉಳಿಯುತ್ತಿತ್ತೇನೋ. ಆದರೆ ಡಚ್ಚರು ಬಂದರು. ಹದಿನೆಂಟನೇ ಶತಮಾನದ ಶುರುವಿನಿಂದಲೇ ಪಶ್ಚಿಮ ಜಾವಾದ ಪ್ರಿಯಾಂಗನ್ ಬೆಟ್ಟಗಳಲ್ಲಿ ಜನರಿಂದ ಒತ್ತಾಯದಿಂದ ಕಾಫಿ ಬೆಳೆಸಿದರು. 1830ರಿಂದ ಇಡೀ ಜಾವಾದಲ್ಲಿ ರಫ್ತಿನ ಬೆಳೆಗಳನ್ನು ಬಲವಂತವಾಗಿ ಬೆಳೆಸುವ ಪದ್ಧತಿ ತಂದರು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅಸ್ಸಾಂ ತಳಿಯ ಚಹಾ ಬಂತು. ಚಹಾಕ್ಕೆ ಬೇಕಾದ ಎತ್ತರ, ಮಂಜು, ಮಳೆ ಸನಿಂತೆನ್‌ಗೂ ಬೇಕಾದದ್ದೇ. ಸನಿಂತೆನ್ ಬೆಳೆಯುವುದು ಸಮುದ್ರಮಟ್ಟದಿಂದ ಸುಮಾರು 150ರಿಂದ 1,750 ಮೀಟರ್ ನಡುವೆ. ಕೆಳಗಿನ ಅರ್ಧ ಗದ್ದೆ, ಊರುಗಳಿಗೆ ಹೋಯಿತು, ನಡುಭಾಗ ಚಹಾ, ಕಾಫಿ ತೋಟಗಳಿಗೆ ಹೋಯಿತು. ಉಳಿದದ್ದು ಬೆಟ್ಟದ ತಲೆಗೆ ಟೋಪಿ ಹಾಕಿದ ಹಾಗಿರುವ ಒಂದಿಷ್ಟು ಕಾಡು. ಜಾವಾದ ಮೂಲ ಕಾಡಿನಲ್ಲಿ ಇವತ್ತು ಉಳಿದಿರುವುದು ಹತ್ತರಲ್ಲಿ ಒಂದು ಪಾಲೂ ಇಲ್ಲ.

ಆ ಉಳಿದ ಕಾಡಿನಲ್ಲಿ ಮುಖ್ಯವಾದವು ಎರಡು. ಒಂದು, ಗೆಡೆ ಮತ್ತು ಪಂಗ್ರಾಂಗೊ ಎಂಬ ಜೋಡಿ ಪರ್ವತಗಳ ರಾಷ್ಟ್ರೀಯ ಉದ್ಯಾನ, 1980ರಲ್ಲಿ ಘೋಷಣೆಯಾದದ್ದು, ಇಂಡೊನೇಷ್ಯಾದ ಮೊದಲ ಐದು ಉದ್ಯಾನಗಳಲ್ಲಿ ಇದೂ ಒಂದು. ಇನ್ನೊಂದು ಹಾಲಿಮುನ್ ಸಾಲಕ್. 1992ರಲ್ಲಿ ಹಾಲಿಮುನ್ ಮಾತ್ರ ಇತ್ತು, 2003ರಲ್ಲಿ ಪಕ್ಕದ ಸಾಲಕ್ ಪರ್ವತ ಸೇರಿಸಿ ಲಕ್ಷ ಹೆಕ್ಟೇರ್ ದಾಟುವಷ್ಟು ದೊಡ್ಡದು ಮಾಡಿದರು. ಈ ಎರಡೂ ಕಡೆ ಬೆಟ್ಟದ ಕೆಳಸ್ತರದ ಕಾಡಿನಲ್ಲಿ ಸನಿಂತೆನ್ ಇವತ್ತಿಗೂ ಮುಖ್ಯ ಮರಗಳಲ್ಲಿ ಒಂದು. ಜಾವಾದ ಬೂದುಬಣ್ಣದ ಗಿಬ್ಬನ್, ಸುರಿಲಿ ಎಂಬ ಮುಸುವ, ಜಾವಾ ಚಿರತೆ, ಇವೆಲ್ಲ ಇರುವುದು ಇದೇ ಕಾಡಿನಲ್ಲಿ.

ಸರಿ, ಕಾಡಿಗೆ ಗಡಿ ಹಾಕಿದ್ದಾರೆ, ಉದ್ಯಾನ ಮಾಡಿದ್ದಾರೆ, ದೊಡ್ಡ ಮರಗಳು ನಿಂತಿವೆ. ಹಾಗಾದರೆ ತೊಂದರೆ ಏನು ಎಂದು ಕೇಳಬಹುದು. ತೊಂದರೆ ಇರುವುದು ಬೀಜದಲ್ಲಿ. ಸನಿಂತೆನ್ ವಿಷಯದಲ್ಲಿ ಬೀಜ ಅರ್ಥವಾಗದಿದ್ದರೆ ಉಳಿದದ್ದು ಏನೂ ಅರ್ಥವಾಗುವುದಿಲ್ಲ.

ರಾಗಿ, ಹುರುಳಿ, ಅವರೆ ಬೀಜವನ್ನು ಚೆನ್ನಾಗಿ ಒಣಗಿಸಿ ಡಬ್ಬದಲ್ಲಿ ಇಟ್ಟರೆ ಮುಂದಿನ ವರ್ಷ ಬಿತ್ತಬಹುದು. ಹಲಸಿನ ಬೀಜವನ್ನು ಹಾಗೆ ಮಾಡಿ ನೋಡಿ. ಸಾರಿಗೆ ಹಾಕೋಕೆ ಆಗುತ್ತದೆ, ನೆಟ್ಟರೆ ಮೊಳೆಯುವುದಿಲ್ಲ. ಅದರೊಳಗಿನ ತೇವ ಹೋದರೆ ಜೀವವೂ ಹೋಯಿತು. ಸನಿಂತೆನ್ ಬೀಜದ್ದೂ ಇದೇ ಕಥೆ. ಓಕ್, ಕ್ಯಾಸ್ಟನಾಪ್ಸಿಸ್ ಬೀಜಗಳು ಒಣಗಿದರೆ ಸಾಯುತ್ತವೆ, ಒಣಗದೆ ಫ್ರೀಜ್ ಮಾಡಿದರೆ ಒಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಹರಿದು ಸಾಯುತ್ತವೆ. ಜಗತ್ತಿನ ದೊಡ್ಡ ದೊಡ್ಡ ಬೀಜ ಬ್ಯಾಂಕುಗಳು ಕೆಲಸ ಮಾಡುವುದೇ ಒಣಗಿಸಿ ತಣ್ಣಗಿಡುವ ವಿಧಾನದಲ್ಲಿ. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಭತ್ತ, ಗೋಧಿಯ ಲಕ್ಷಗಟ್ಟಲೆ ಮಾದರಿಗಳನ್ನು ಮಂಜಿನ ಬೆಟ್ಟದೊಳಗೆ ಇಟ್ಟಿದ್ದಾರಲ್ಲ, ಆ ಬಾಗಿಲು ಸನಿಂತೆನ್‌ಗೆ ತೆರೆಯುವುದಿಲ್ಲ. ಬೀಜದ ಭ್ರೂಣ ಮಾತ್ರ ತೆಗೆದು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಇಡುವ ಪ್ರಯತ್ನಗಳು ಓಕ್ ಜಾತಿಯ ಮರಗಳಲ್ಲಿ ನಡೆದಿವೆ, ಆದರೆ ಅದು ದುಬಾರಿ, ನಾಜೂಕಿನ ಕೆಲಸ, ಪ್ರತಿ ಜಾತಿಗೂ ಹೊಸದಾಗಿ ಕಲಿಯಬೇಕು. ಹಾಗಾಗಿ ಈ ಮರವನ್ನು ಉಳಿಸುವುದು ಅಂದರೆ ಬದುಕಿರುವ ಮರವಾಗಿಯೇ ಉಳಿಸುವುದು. ಇನ್ನೊಂದು ದಾರಿ ಸದ್ಯಕ್ಕೆ ಇಲ್ಲ.

ಬಟಾನಿಕಲ್ ಗಾರ್ಡನ್ ಇದೆಯಲ್ಲ ಎನ್ನಬಹುದು. ಹೌದು, ಜಾವಾದಲ್ಲಿ ಒಳ್ಳೆಯವೇ ಇವೆ. ಬೊಗೋರ್‌ನದು 1817ರಲ್ಲಿ ಶುರುವಾದದ್ದು. ಗೆಡೆ ಪರ್ವತದ ಬುಡದಲ್ಲೇ ಚಿಬೊಡಾಸ್ ಸಸ್ಯೋದ್ಯಾನ ಇದೆ, 1852ರಿಂದ. ಇವುಗಳ ಕೆಲಸವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ತೋಟದಲ್ಲಿ ನಾಲ್ಕು ಮರ ಇದ್ದರೆ ಜಾತಿ ಉಳಿದ ಹಾಗಲ್ಲ. ಒಂದೇ ಬೆಟ್ಟದ, ಒಂದೆರಡು ತಾಯಿಮರದ ಬೀಜದಿಂದ ಬಂದ ಗಿಡಗಳಲ್ಲಿ ಆ ಜಾತಿಯ ಎಲ್ಲ ಗುಣಗಳು ಇರುವುದಿಲ್ಲ. ತಗ್ಗಿನ ಬಿಸಿ ತಾಳುವ ಮರ ಬೇರೆ, ಮೇಲಿನ ಚಳಿ ತಾಳುವ ಮರ ಬೇರೆ, ಒಣ ವರ್ಷ ದಾಟುವ ಮರ ಬೇರೆ. ಆ ವೈವಿಧ್ಯ ಇರುವುದು ಬೆಟ್ಟದಿಂದ ಬೆಟ್ಟಕ್ಕೆ ಹರಡಿದ ಕಾಡಿನಲ್ಲಿ. ಒಂದೊಂದು ಬೆಟ್ಟದ ಕಾಡು ಹೋದಾಗಲೂ ಅದರಲ್ಲಿ ಒಂದು ಪಾಲು ಹೋಗುತ್ತದೆ. ಹೊರಗಿನವರಿಗೆ ಅದು ಕಾಣುವುದೂ ಇಲ್ಲ.

ಈಗ ಆ ಬೀಜ ಮರದಿಂದ ಬಿದ್ದಾಗ ಏನಾಗುತ್ತದೆ ಎಂದು ಹತ್ತಿರದಿಂದ ನೋಡೋಣ. ಕಾಯಿ ಇನ್ನೂ ಕೊಂಬೆಯಲ್ಲಿ ಇರುವಾಗಲೇ ಅಳಿಲು, ಮುಸುವಗಳಿಂದ ಒಂದಿಷ್ಟು ಹೋಗುತ್ತದೆ. ಕೆಲವು ಬೀಜದೊಳಗೆ ಮೂತಿಹುಳದ ಮರಿ ಆಗಲೇ ಸೇರಿರುತ್ತದೆ. ಹೊರಗಿಂದ ನೋಡಿದರೆ ಬೀಜ ಚೆನ್ನಾಗಿಯೇ ಇರುತ್ತದೆ, ಸಿಪ್ಪೆಯಲ್ಲಿ ಸೂಜಿ ಮೊನೆಯಷ್ಟು ತೂತು, ಒಳಗೆ ಬರೀ ಪುಡಿ. ಉಳಿದದ್ದು ನೆಲಕ್ಕೆ ಬೀಳುತ್ತದೆ. ತೂಕದ ಬೀಜ, ರೆಕ್ಕೆ ಇಲ್ಲ, ಗಾಳಿಗೆ ಹಾರುವುದಿಲ್ಲ, ಬೆಟ್ಟದ ಇಳಿಜಾರು ಆದ್ದರಿಂದ ಉರುಳಿದರೂ ಕೆಳಕ್ಕೇ ಉರುಳುತ್ತದೆ. ರಾತ್ರಿ ಕಾಡುಹಂದಿ ಬರುತ್ತದೆ, ಮುಳ್ಳುಹಂದಿ ಬರುತ್ತದೆ, ಇಲಿ ಬರುತ್ತದೆ. ಬೆಳಿಗ್ಗೆ ಹತ್ತಿರದ ಊರಿನ ಜನ ಚೀಲ ಹಿಡಿದು ಬರುತ್ತಾರೆ. ಇಷ್ಟರಿಂದಲೂ ತಪ್ಪಿಸಿಕೊಂಡದ್ದು ಎಲೆಗೊಬ್ಬರದ ಕೆಳಗೆ ತೇವ ಆರುವ ಮೊದಲೇ ಬೇರು ಬಿಡಬೇಕು.

ಇದರಲ್ಲಿ ಇಲಿ, ಅಳಿಲುಗಳ ಪಾತ್ರ ಸುಮ್ನೆ ತಿನ್ನುವುದಷ್ಟೇ ಅಲ್ಲ. ಬೀಜ ಜಾಸ್ತಿ ಸಿಕ್ಕಾಗ ಅವು ಒಂದೊಂದಾಗಿ ಎತ್ತಿಕೊಂಡು ಹೋಗಿ ಅಲ್ಲಲ್ಲಿ ಮಣ್ಣಲ್ಲಿ ಹೂತಿಡುತ್ತವೆ. ಎಲ್ಲವನ್ನೂ ವಾಪಸ್ ಬಂದು ತಿನ್ನುವುದಿಲ್ಲ. ಕೆಲವನ್ನು ಮರೆಯುತ್ತವೆ, ಕೆಲವು ಸಲ ಹೂತಿಟ್ಟ ಪ್ರಾಣಿಯೇ ಇನ್ನೊಂದರ ಬಾಯಿಗೆ ಹೋಗಿರುತ್ತದೆ. ಹೀಗೆ ಉಳಿದ ಬೀಜ ತಾಯಿಮರದಿಂದ ದೂರದಲ್ಲಿ, ಸರಿಯಾದ ಆಳದಲ್ಲಿ, ತೇವ ಆರದ ಹಾಗೆ ನೆಟ್ಟ ಬೀಜವೇ ಆಗಿರುತ್ತದೆ. ಬೀಚ್ ಕುಟುಂಬದ ಮರಗಳು ಜಗತ್ತಿನ ಎಲ್ಲ ಕಡೆ ನೆಚ್ಚಿಕೊಂಡಿರುವುದು ಇದನ್ನೇ. ಮತ್ತೆ ಇವು ಪ್ರತಿ ವರ್ಷ ಒಂದೇ ಸಮ ಕಾಯಿ ಬಿಡುವುದಿಲ್ಲ. ಕೆಲವು ವರ್ಷ ಸುಮ್ಮನಿದ್ದು, ಒಂದು ವರ್ಷ ಸುತ್ತಲಿನ ಮರಗಳೆಲ್ಲ ಒಟ್ಟಿಗೆ ಮೈತುಂಬಾ ಕಾಯಿ ಬಿಡುತ್ತವೆ. ಕಾಡಿನ ಪ್ರಾಣಿಗಳೆಲ್ಲ ಹೊಟ್ಟೆ ಬಿರಿಯುವಷ್ಟು ತಿಂದರೂ ಮಿಗುವಷ್ಟು. ಆ ಮಿಕ್ಕಿದ್ದರಲ್ಲೇ ಮುಂದಿನ ತಲೆಮಾರು.

ಈ ಲೆಕ್ಕ ನಡೆಯಬೇಕಾದರೆ ಮರಗಳ ಸಂಖ್ಯೆ ಜಾಸ್ತಿ ಇರಬೇಕು. ನೂರು ಮರ ಒಟ್ಟಿಗೆ ಕಾಯಿ ಬಿಟ್ಟರೆ ಮಿಗುತ್ತದೆ. ಐದು ಮರ ಬಿಟ್ಟರೆ ಮಿಗುವುದಿಲ್ಲ. ಸುತ್ತಲಿನ ಹಂದಿ, ಇಲಿ, ಜನ ಅಷ್ಟೇ ಇದ್ದಾರೆ, ಬೀಜ ಮಾತ್ರ ಕಡಿಮೆಯಾಗಿದೆ. ಕಾಡು ತುಂಡಾದಾಗ ಆಗುವುದು ಇದೇ. ಮರ ಕಡಿದವರು ಕಡಿದಷ್ಟೇ ಮರ ಹೋಯಿತು ಎಂದುಕೊಳ್ಳುತ್ತಾರೆ, ಆದರೆ ಉಳಿದ ಮರಗಳ ಬೀಜಕ್ಕೆ ಬದುಕುವ ಅವಕಾಶವೂ ಅದರ ಜೊತೆಗೇ ಹೋಗಿರುತ್ತದೆ. ಉಪಗ್ರಹದ ಚಿತ್ರದಲ್ಲಿ ಆ ಜಾಗ ಹಸಿರಾಗಿಯೇ ಕಾಣುತ್ತದೆ. ಮುದಿ ಮರಗಳು ಇನ್ನೂ ಹತ್ತಾರು ವರ್ಷ ನಿಂತಿರುತ್ತವೆ. ಕೆಳಗೆ ಮೊಣಕಾಲೆತ್ತರದ ಸಸಿ ಇದೆಯೋ ಇಲ್ಲವೋ ಎಂದು ಆಕಾಶದಿಂದ ಹೇಳೋಕೆ ಆಗುವುದಿಲ್ಲ.

ಮೊಳೆತ ಸಸಿಗೂ ಬದುಕು ಸುಲಭವಲ್ಲ. ಇದರ ಬೇರಿಗೆ ಒಂದು ಬಗೆಯ ಶಿಲೀಂಧ್ರಗಳು ಅಂಟಿಕೊಂಡು ಬೆಳೆಯುತ್ತವೆ. ಅವು ಮಣ್ಣಿನಿಂದ ನೀರು, ರಂಜಕ ಎಳೆದು ಮರಕ್ಕೆ ಕೊಡುತ್ತವೆ, ಮರ ಅವಕ್ಕೆ ಸಕ್ಕರೆ ಕೊಡುತ್ತದೆ. ಹಳೆಯ ಕಾಡಿನ ಮಣ್ಣಲ್ಲಿ ಈ ಶಿಲೀಂಧ್ರ ಇದ್ದೇ ಇರುತ್ತದೆ. ವರ್ಷಗಟ್ಟಲೆ ತರಕಾರಿ ಬೆಳೆದು ಗೊಬ್ಬರ, ಔಷಧಿ ಹೊಡೆದ ಮಣ್ಣಲ್ಲಿ ಅದನ್ನು ನೆಚ್ಚಿಕೊಳ್ಳೋಕೆ ಆಗುವುದಿಲ್ಲ. ಸಸಿ ತಂದು ನೆಟ್ಟರೆ ಸಾಯದಿದ್ದರೂ ಏಳುವುದಿಲ್ಲ. ಇದರ ಮೇಲೆ ಹೊರಗಿನ ಗಿಡಗಳ ಕಾಟ. ಗೆಡೆ ಪಂಗ್ರಾಂಗೊ ಕಾಡಿನಲ್ಲಿ ದೊಡ್ಡ ಮರ ಬಿದ್ದು ಬೆಳಕು ಬಂದ ಜಾಗಕ್ಕೆ ಮೊದಲು ನುಗ್ಗುವುದು ಅಮೆರಿಕ ಖಂಡದಿಂದ ಬಂದ ಸೆಸ್ಟ್ರಮ್, ಯುಪಟೋರಿಯಂ ತರಹದ ಪೊದೆಗಳು. ಇವುಗಳಲ್ಲಿ ಕೆಲವು ಪಕ್ಕದ ಚಿಬೊಡಾಸ್ ತೋಟದಿಂದಲೇ ತಪ್ಪಿಸಿಕೊಂಡು ಹೋದವು. ಸನಿಂತೆನ್ ಸಸಿ ನೆರಳಲ್ಲಿ ವರ್ಷಗಟ್ಟಲೆ ಕಾದು ಕೂತಿದ್ದು ಆ ಬೆಳಕಿಗಾಗಿಯೇ.

ಇನ್ನು ಬಿಸಿ ಏರುವ ವಿಷಯ. ಬೆಟ್ಟ ಹತ್ತುತ್ತಾ ಹೋದರೆ ಪ್ರತಿ 100 ಮೀಟರ್‌ಗೆ ಸುಮಾರು 0.6 ಡಿಗ್ರಿ ತಂಪಾಗುತ್ತದೆ. ಹಾಗಾದರೆ ವಾತಾವರಣ ಒಂದು ಡಿಗ್ರಿ ಬಿಸಿಯಾದರೆ, ಮೊದಲಿದ್ದಷ್ಟೇ ತಂಪು ಬೇಕೆಂದರೆ ಸುಮಾರು 170 ಮೀಟರ್ ಮೇಲೆ ಹತ್ತಬೇಕು. ಮನುಷ್ಯನಿಗೆ ಅದು ಅರ್ಧ ಗಂಟೆಯ ನಡಿಗೆ. ಸನಿಂತೆನ್‌ಗೆ ತಲೆಮಾರುಗಳು ಬೇಕು, ಬೀಜ ಮೊಳೆತು ದೊಡ್ಡದಾಗಿ ಕಾಯಿ ಬಿಟ್ಟು, ಆ ಕಾಯಿಯನ್ನು ಯಾವುದೋ ಅಳಿಲು ಇನ್ನೊಂದಿಷ್ಟು ಮೇಲಕ್ಕೆ ಒಯ್ದು ಹೂತಿಟ್ಟು ಮರೆಯಬೇಕು. ಗೆಡೆ 2,958 ಮೀಟರ್, ಪಂಗ್ರಾಂಗೊ 3,019 ಮೀಟರ್, ಅಲ್ಲಿ ಹತ್ತೋಕೆ ಜಾಗವಾದರೂ ಇದೆ. ಹಾಲಿಮುನ್ ಎತ್ತರ 1,929 ಮೀಟರ್ ಮಾತ್ರ. ಸನಿಂತೆನ್ ಈಗಾಗಲೇ 1,750ರ ಹತ್ತಿರ ಇದೆ. ಮೇಲೆ ಉಳಿದಿರುವುದು ಚೂರು ಜಾಗ, ಅದೂ ಶಿಖರದ ಕಡೆಗೆ ಹೋದಷ್ಟೂ ಕಿರಿದಾಗುತ್ತದೆ, ಅಲ್ಲಿ ಈಗಾಗಲೇ ಬೇರೆ ಮರಗಳು ಇವೆ. ಬೇರೆ ಬೆಟ್ಟಕ್ಕೆ ಹೋಗೋಣ ಎಂದರೆ ನಡುವೆ ಗದ್ದೆ, ಹೆದ್ದಾರಿ, ಊರು, ಚಹಾ ತೋಟ. 5 ಕೋಟಿ ವರ್ಷ ಜಾಗ ಬದಲಿಸುತ್ತಲೇ ಬದುಕಿದ ಗುಂಪಿಗೆ ಈಗ ಸಿಕ್ಕಿರುವುದು ಇಷ್ಟು.

ಹಾಗಾಗಿ ನನ್ನ ವಾದ ಇದು. ಸನಿಂತೆನ್ ತರಹದ ಮರವನ್ನು ಬರೀ ಬೇಲಿಯಿಂದ ಉಳಿಸೋಕೆ ಆಗುವುದಿಲ್ಲ, ಬೀಜದ ಡಬ್ಬದಲ್ಲಿಟ್ಟು ಉಳಿಸೋಕೂ ಆಗುವುದಿಲ್ಲ. ಅದರ ಬೀಜ ಹೊರುವ ಪ್ರಾಣಿ, ಅದರ ಬೇರಿನ ಶಿಲೀಂಧ್ರ, ಅದರ ಕಾಯಿ ತಿನ್ನುವ ಜನ, ಎಲ್ಲ ಸೇರಿ ಆ ಬೆಟ್ಟದಲ್ಲೇ ಉಳಿಸಬೇಕು.

ಜನರ ವಿಷಯಕ್ಕೆ ಬಂದಾಗ ಮಾತು ಬಿಸಿಯಾಗುತ್ತದೆ. ಕಾಯಿ ಹೆಕ್ಕುವುದನ್ನು ನಿಲ್ಲಿಸಿ ಎನ್ನುವುದು ಸುಲಭ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಯಾಕೆಂದರೆ ಮರ ಕಡಿಮೆ ಇರುವ ಕಡೆ ಹೆಕ್ಕಿದ ಪ್ರತಿ ಚೀಲವೂ ಹುಟ್ಟಬೇಕಾದ ಸಸಿಗಳ ಲೆಕ್ಕದಿಂದಲೇ ಕಳೆಯುತ್ತದೆ. ಆದರೆ ಮರವನ್ನು ಬುಡಸಮೇತ ಕಡಿದು ಕಂಬ ಮಾಡುವುದು, ಕಾಡು ತೆಗೆದು ತೋಟ, ವಿಲ್ಲಾ ಮಾಡುವುದು, ವರ್ಷಕ್ಕೆ ಕೆಲವು ವಾರ ಕಾಯಿ ಹೆಕ್ಕುವುದು, ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ತಪ್ಪು. ಕಾಯಿಗೆ ಬೆಲೆ ಇದೆ ಎಂದು ಗೊತ್ತಿರುವ ಊರಿನವರಿಗೆ ಮರ ಉಳಿಸೋಕೆ ಒಂದು ಕಾರಣ ಇರುತ್ತದೆ. ಆ ನಂಟು ಕಿತ್ತುಹಾಕಿದರೆ ಮರ ಅರಣ್ಯ ಇಲಾಖೆಯದ್ದು ಆಗುತ್ತದೆ, ಊರಿನದ್ದು ಆಗಿ ಉಳಿಯುವುದಿಲ್ಲ.

ಹಾಲಿಮುನ್ ಸುತ್ತ ಕಸೆಪುಹಾನ್ ಎಂಬ ಸಮುದಾಯಗಳಿವೆ. ಹಿರಿಯರ ಮಾತಿನ ಮೇಲೆ ನಡೆಯುವ, ಬೆಟ್ಟದ ಭತ್ತ ಬೆಳೆಯುವ ಸುಂಡಾ ಜನ. ಅವರ ಲೆಕ್ಕದಲ್ಲಿ ಕಾಡು ಮೂರು ಬಗೆ. ಹಿರಿಯರಿಂದ ಒಪ್ಪಿಸಿಕೊಂಡದ್ದು, ಅದನ್ನು ಮುಟ್ಟುವಂತಿಲ್ಲ. ಮುಚ್ಚಿಟ್ಟ ಕಾಡು, ಅಲ್ಲಿಂದ ಬೇಕಾದಷ್ಟೇ, ಕೇಳಿ ತೆಗೆದುಕೊಳ್ಳಬಹುದು. ಮೂರನೆಯದು ಬೇಸಾಯಕ್ಕೆ. 2003ರಲ್ಲಿ ಉದ್ಯಾನ ದೊಡ್ಡದು ಮಾಡಿದಾಗ ಇಂಥ ಹಲವು ಊರುಗಳು ಕಾಗದದ ಮೇಲೆ ಉದ್ಯಾನದ ಒಳಗೆ ಬಂದುಬಿಟ್ಟವು, ತಲೆಮಾರುಗಳಿಂದ ಉತ್ತ ನೆಲದಲ್ಲೇ ಅತಿಕ್ರಮಣದಾರರಾದರು. 2013ರಲ್ಲಿ ಇಂಡೊನೇಷ್ಯಾದ ಸಾಂವಿಧಾನಿಕ ನ್ಯಾಯಾಲಯ ಸಮುದಾಯದ ಪಾರಂಪರಿಕ ಕಾಡು ಸರ್ಕಾರದ ಕಾಡಲ್ಲ ಎಂದು ತೀರ್ಪು ಕೊಟ್ಟಿತು. 2016ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜೋಕೊ ವಿಡೋಡೊ ಮೊದಲ ಬಾರಿಗೆ ಒಂಬತ್ತು ಸಮುದಾಯಗಳ ಕಾಡಿಗೆ ಮಾನ್ಯತೆ ಕೊಟ್ಟರು, ಅದರಲ್ಲಿ ಕಸೆಪುಹಾನ್ ಕರಾಂಗ್ ಕೂಡ ಒಂದು. ಇದು ಸನಿಂತೆನ್‌ಗಾಗಿ ಮಾಡಿದ ಕೆಲಸವಲ್ಲ. ಆದರೂ ಆ ಮರಕ್ಕೆ ಕಾಗದದ ಮೇಲಿನ ಎಷ್ಟೋ ಯೋಜನೆಗಳಿಗಿಂತ ಇದರಿಂದ ಆಗುವ ಉಪಕಾರ ಜಾಸ್ತಿ ಎಂದು ನಾನು ನಂಬುತ್ತೇನೆ. ಯಾಕೆಂದರೆ ನೂರು ವರ್ಷಕ್ಕೆ ಯೋಚಿಸಿ ಕಾಡು ನೋಡಿಕೊಳ್ಳುವವರು ಆ ಊರಲ್ಲೇ ಇರುವವರು. ಮೂರು ವರ್ಷದ ಯೋಜನೆ ಮೂರು ವರ್ಷಕ್ಕೆ ಮುಗಿಯುತ್ತದೆ.

ಸಸಿ ನೆಡುವ ಕೆಲಸದಲ್ಲೂ ಇದೇ ಮಾತು. ಬೀಜ ಇಟ್ಟುಕೊಳ್ಳೋಕೆ ಆಗದ ಕಾರಣ ನರ್ಸರಿಯವರು ಕಾಯಿ ಬಿಟ್ಟ ವರ್ಷವೇ, ಬಿದ್ದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಇಲ್ಲದಿದ್ದರೆ ಕಾಡಿನಲ್ಲಿ ತಾಯಿಮರದ ಕೆಳಗೆ ಒತ್ತಾಗಿ ಹುಟ್ಟಿ ಹೇಗೂ ಸಾಯುವ ಎಳೆ ಸಸಿಗಳನ್ನು ಬೇರಿನ ಮಣ್ಣಿನ ಸಮೇತ ಎಬ್ಬಿಸಿ ತಂದು ಬೆಳೆಸಬೇಕು. ಆ ಮಣ್ಣಿನ ಜೊತೆ ಶಿಲೀಂಧ್ರವೂ ಬರುತ್ತದೆ, ಇದು ಒಳ್ಳೆಯ ಉಪಾಯ. ಯಾವ ತಾಯಿಮರ, ಯಾವ ಎತ್ತರ ಎಂದು ಬರೆದಿಡಬೇಕು. ಇದೆಲ್ಲ ನಿಧಾನದ ಕೆಲಸ. ಪೈನ್, ಮಹಾಗನಿ ತರಹ ಬೇಗ ಏಳುವ ಮರ ನೆಟ್ಟರೆ ವರದಿಯಲ್ಲಿ ಲಕ್ಷಗಳ ಲೆಕ್ಕ ತೋರಿಸಬಹುದು. ಸನಿಂತೆನ್ ನೆಟ್ಟವರು ಕೆಲವು ನೂರು ತೋರಿಸಬಹುದು ಅಷ್ಟೆ. ದುಡ್ಡು ಕೊಡುವವರು ಎಣಿಸುವುದು ಸಸಿಯ ಸಂಖ್ಯೆಯನ್ನು ಮಾತ್ರ ಆಗಿರುವವರೆಗೂ ಈ ಮರಕ್ಕೆ ಸರದಿ ಬರುವುದು ಕಷ್ಟ.

ಈ ಬೆಟ್ಟಗಳ ಮೇಲೆ ಹೊಸ ಒತ್ತಡಗಳೂ ಇವೆ. ಜಕಾರ್ತಾದ ಮಧ್ಯೆ ಹರಿಯುವ ಚಿಲಿವುಂಗ್ ನದಿ ಹುಟ್ಟುವುದು ಗೆಡೆ ಪಂಗ್ರಾಂಗೊ ಮತ್ತು ಪುಂಚಾಕ್ ಬೆಟ್ಟಗಳ ಕಡೆ. ಪುಂಚಾಕ್ ಈಗ ಜಕಾರ್ತಾದವರ ವಾರಾಂತ್ಯದ ಜಾಗ, ಚಹಾ ತೋಟದ ನಡುವೆ ಕೂಡ ವಿಲ್ಲಾ, ಪಾರ್ಕುಗಳು ಎದ್ದಿವೆ. 2025ರ ಮಾರ್ಚ್‌ನಲ್ಲಿ ಜೋರು ಮಳೆಗೆ ಪುಂಚಾಕ್‌ನಿಂದ ಹಿಡಿದು ಜಕಾರ್ತಾ, ಬೆಕಸಿವರೆಗೂ ಪ್ರವಾಹ ಬಂದಾಗ ಬೆಟ್ಟದ ಮೇಲಿನ ಕಟ್ಟಡಗಳ ಬಗ್ಗೆ ದೊಡ್ಡ ಗಲಾಟೆ ಎದ್ದಿತು, ಕೆಲವನ್ನು ಒಡೆಸಿದರು ಕೂಡ. ಇನ್ನೊಂದು ಕಡೆ ನೆಲದಾಳದ ಬಿಸಿಯಿಂದ ತೆಗೆಯುವ ಭೂಶಾಖದ ವಿದ್ಯುತ್. ಸಾಲಕ್ ಪರ್ವತದಲ್ಲಿ 1994ರಿಂದ ಭೂಶಾಖ ಸ್ಥಾವರ ನಡೆಯುತ್ತಿದೆ, ಸಾಮರ್ಥ್ಯ 370 ಮೆಗಾವಾಟ್‌ಗಿಂತ ಜಾಸ್ತಿ. ಈಗ ಗೆಡೆಯಲ್ಲೂ ಕೊರೆಯುವ ಯೋಜನೆ ಇದೆ, ಬುಡದ ಚಿಯಾಂಜುರ್ ಕಡೆಯ ರೈತರು ನೀರು, ನೆಲ ಹೋಗುತ್ತದೆ ಎಂದು ವಿರೋಧಿಸುತ್ತಿದ್ದಾರೆ. ಕಲ್ಲಿದ್ದಲು ಸುಡುವುದಕ್ಕಿಂತ ಭೂಶಾಖ ಎಷ್ಟೋ ಮೇಲು, ಅದರಲ್ಲಿ ಅನುಮಾನ ಇಲ್ಲ. ಆದರೆ ಬಾವಿ ಕೊರೆಯುವ ಜಾಗ ಚಿಕ್ಕದಾದರೂ ಅಲ್ಲಿಗೆ ಹೋಗುವ ರಸ್ತೆ ಉದ್ದದ್ದು, ರಸ್ತೆಯ ಎರಡೂ ಬದಿಗೆ ಬೆಳಕು ಬೀಳುತ್ತದೆ, ಪೊದೆ ನುಗ್ಗುತ್ತದೆ, ಮರ ಕಡಿಯುವವರಿಗೆ ದಾರಿ ಸುಲಭವಾಗುತ್ತದೆ. ಸಣ್ಣ ತುಂಡಾಗಿ ಉಳಿದ ಕಾಡಿನ ಮಧ್ಯೆ ಇಂಥ ರಸ್ತೆ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. ಇಂಡೊನೇಷ್ಯಾದಲ್ಲಿ ಜ್ವಾಲಾಮುಖಿಗಳಿಗೆ ಬರವಿಲ್ಲ, ಸನಿಂತೆನ್ ಕಾಡಿಗೆ ಇದೆ.

ಸನಿಂತೆನ್ ಸುಮಾತ್ರಾದಲ್ಲೂ ಬೆಳೆಯುತ್ತದೆ. ಅಲ್ಲಿನ ತಗ್ಗು ಕಾಡುಗಳ ಕಥೆ ಬೇರೆ, ಅಲ್ಲಿ ನುಂಗಿದ್ದು ಎಣ್ಣೆತಾಳೆ, ರಬ್ಬರ್, ಕಾಗದಕ್ಕೆ ಬೇಕಾದ ಮರದ ತೋಪುಗಳು. ಇಲ್ಲಿ ನಮ್ಮ ಪಾಲು ನೇರವಾಗಿಯೇ ಇದೆ. ಜಗತ್ತಿನಲ್ಲಿ ತಾಳೆ ಎಣ್ಣೆಯನ್ನು ಅತಿ ಹೆಚ್ಚು ಆಮದು ಮಾಡುವ ದೇಶ ಭಾರತ, ಅದರಲ್ಲಿ ಬಹುಪಾಲು ಇಂಡೊನೇಷ್ಯಾ, ಮಲೇಷ್ಯಾದಿಂದ ಬರುತ್ತದೆ. ಮಂಗಳೂರು ಬಂದರಿನಲ್ಲೂ ಇಳಿಯುತ್ತದೆ. ಬೇಕರಿ ಬಿಸ್ಕತ್ತಿನಲ್ಲಿ, ಹೋಟೆಲ್ ಬಾಣಲೆಯಲ್ಲಿ, ಸೋಪಿನಲ್ಲಿ ಇರುತ್ತದೆ. ಬಡವರ ಮನೆಯ ಒಗ್ಗರಣೆಗೆ ಸಿಗುವ ಅಗ್ಗದ ಎಣ್ಣೆಯೂ ಅದೇ, ಹಾಗಾಗಿ ತಾಳೆ ಎಣ್ಣೆ ಬಿಡಿ ಎಂದು ಗ್ರಾಹಕರಿಗೆ ಉಪದೇಶ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕೇಳಬೇಕಾದ್ದು ಆಮದು ಮಾಡುವ ದೊಡ್ಡ ಕಂಪನಿಗಳನ್ನು ಮತ್ತು ಸರ್ಕಾರವನ್ನು: ಈ ಎಣ್ಣೆ ಯಾವ ತೋಟದ್ದು, ಆ ತೋಟ ಯಾವಾಗ ಕಾಡಾಗಿತ್ತು ಎಂದು. ಯುರೋಪಿನವರು ಇಂಥ ಕಾನೂನು ಮಾಡಿದ್ದಾರೆ, ಜಾರಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇದೆ. ಅವರಿಗಿಂತ ಜಾಸ್ತಿ ಕೊಳ್ಳುವ ನಾವು ಕೇಳಿದರೆ ಅದರ ತೂಕವೇ ಬೇರೆ.

ಜಾವಾದಲ್ಲಿ ಮುಂದೆ ಏನಾಗಬೇಕು ಎಂಬ ಬಗ್ಗೆ ನನಗೆ ಮುಖ್ಯ ಅನ್ನಿಸುವುದು ಎಣಿಕೆಯ ವಿಧಾನ. ಎಷ್ಟು ಹೆಕ್ಟೇರ್ ಕಾಡು ಇದೆ, ಎಷ್ಟು ದೊಡ್ಡ ಮರ ನಿಂತಿದೆ ಎಂಬುದು ಹಿಂದಿನ ನೂರು ವರ್ಷದ ಲೆಕ್ಕ. ಮುಂದಿನದಕ್ಕೆ ಬೇರೆ ಪ್ರಶ್ನೆ ಕೇಳಬೇಕು. ಕಾಯಿ ಜೋರಾಗಿ ಬಿಟ್ಟ ವರ್ಷದ ನಂತರ, ತಾಯಿಮರದಿಂದ ಇಪ್ಪತ್ತು ಮೂವತ್ತು ಮೀಟರ್ ಆಚೆ, ಅದೂ ಇಳಿಜಾರಿನ ಮೇಲ್ಭಾಗದಲ್ಲಿ, ಎಷ್ಟು ಸಸಿ ಇವೆ? ಮೂರು ವರ್ಷ ಬಿಟ್ಟು ಹೋದರೆ ಅದರಲ್ಲಿ ಎಷ್ಟು ಉಳಿದಿವೆ, ಮೊಣಕಾಲೆತ್ತರ ದಾಟಿದ್ದು ಎಷ್ಟು? ಇದನ್ನು ಎಣಿಸೋಕೆ ಉಪಗ್ರಹ ಬೇಡ, ಒಂದು ಅಳತೆ ಪಟ್ಟಿ, ಗುರುತಿನ ಚೀಟಿ, ಆ ಕಾಡು ಗೊತ್ತಿರುವ ಇಬ್ಬರು ಊರಿನವರು ಸಾಕು. ಕಸೆಪುಹಾನ್ ಊರುಗಳಲ್ಲಿ ಅಂಥವರು ಇದ್ದಾರೆ, ಅವರಿಗೆ ಕೂಲಿ ಕೊಟ್ಟು ಈ ಕೆಲಸ ಮಾಡಿಸಬೇಕು. ಮೇಲ್ಭಾಗದಲ್ಲಿ ಸಸಿ ಸಿಗದಿದ್ದರೆ, ಅಳಿಲು ಮಾಡಬೇಕಾದ ಕೆಲಸವನ್ನು ಒಂದಷ್ಟು ಕಾಲ ಮನುಷ್ಯರೇ ಮಾಡಬೇಕಾಗುತ್ತದೆ: ಬಿದ್ದ ಬೀಜವನ್ನು ತೇವ ಆರುವ ಮೊದಲೇ ಹೊತ್ತು ಇನ್ನೂರು ಮೀಟರ್ ಎತ್ತರಕ್ಕೆ ಒಯ್ದು ಮಣ್ಣಲ್ಲಿ ಹೂಳುವುದು.